ಸಂಕ್ರಾಂತಿಗೆ ಬಿಡುಗಡೆಯಾದ ಕ್ರಿಸ್‌ಮಸ್ ಹಾಡುಗಳು

ಬಸವೇಶ್ವರನಗರದ ನಮ್ಮ ಅಡ್ಡರಸ್ತೆ ಒಂದು ಕಾಂಪೌಂಡ್ ಗೋಡೆಗೆ ಬಂದು ಮುಗಿಯುತ್ತದೆ. ಒಳಗೆ ಬಂದ ಗಾಡಿಯನ್ನು ತಿರುಗಿಸಲು ಜಾಗವಿಲ್ಲ. ಇದ್ದ ಜಾಗದಲ್ಲಿ ನಾವು ಕಾರು ನಿಲ್ಲಿಸಿ, ಕಾರಿಗೆ ಕವರ್ ಹೊದಿಸಿ, ಕವರಿನ ಮೇಲೆ ಬೆಕ್ಕುಗಳನ್ನು ಮಲಗಲು ಬಿಟ್ಟಿದ್ದೇವೆ. ಕಾರನ್ನು ಓಡಿಸುವ ಧೈರ್ಯ ಯಾರಿಗೂ ಇಲ್ಲ, ಏಕೆಂದರೆ ತೆಗೆದ ಮರುಗಳಿಗೆ ಎದುರು ಮನೆಯವರು ಆ ಜಾಗಕ್ಕೆ ತಮ್ಮ ಕಾರು ತಂದು ನಿಲ್ಲಿಸುತ್ತಾರೆ. ಹೀಗಾಗಿ ನಮ್ಮ ಬೀದಿಗೆ ಬಂದ ಗಾಡಿಗಳೆಲ್ಲ ಹಿಮ್ಮುಖವಾಗಿಯೇ ಹೊರಗೆ ಹೋಗಬೇಕು.

ಹಿಂದಕ್ಕೆ ಹೋಗುವ ಗಾಡಿ ಹಾಡಿಕೊಂಡೇ ಹೋಗಬೇಕೆಂದು ಯಾರು ನಿಯಮ ಮಾಡಿದರೋ ಗೊತ್ತಿಲ್ಲ. ಒಂದು ಕಾಲದಲ್ಲಿ ಊರಿನ ಕಾರುಗಳೆಲ್ಲ ಏಪ್ರಿಲ್ ಬಿಸಿಲಿನಲ್ಲೂ ವಿದೇಶದ ಕ್ರಿಸ್‌ಮಸ್ ಹಾಡನ್ನೇ ಹಾಡುತ್ತ ಹಿಂದೆ ಸರಿಯುತ್ತಿದ್ದವು. ನಮ್ಮ ಬೀದಿಯ ಮಕ್ಕಳು ಅದನ್ನು ಕಾರು ಹಿಂದೆ ತೆಗೆಯುವ ಹಾಡು ಎಂದೇ ತಿಳಿದು ಬೆಳೆದವು. ಈಚೆಗೆ ಆ ಹಾಡು ಕಡಿಮೆಯಾಗಿದೆ. ನಾನು ಹೇಳಹೊರಟಿರುವುದು ಅದರ ಜಾಗಕ್ಕೆ ಬಂದ ಹಾಡಿನ ಬಗ್ಗೆ.

ಕಳೆದ ಅಕ್ಟೋಬರಿನಲ್ಲಿ ನಮಗೆ ನೀರಿನ ಕ್ಯಾನು ತರುವ ಟೆಂಪೋ ಬದಲಾಯಿತು. ಬೆಳಿಗ್ಗೆ ಆರೂಕಾಲಿಗೆ ನಾನು ವರಾಂಡದಲ್ಲಿ ಕಾಫಿ ಹಿಡಿದು ಕೂತಿದ್ದೆ. ಹೊಸ ಟೆಂಪೋ ಹಿಂದೆ ಸರಿಯತೊಡಗಿತು. ಕೀರಲು ದನಿಯಲ್ಲಿ ಒಂದು ರಾಗ ಶುರುವಾಯಿತು. ಮೊದಲ ಸಾಲು ಎಲ್ಲೋ ಕೇಳಿದಂತಿತ್ತು. ಎರಡನೆಯ ಸಾಲಿಗೆ ಕಾಫಿ ಲೋಟ ಕೆಳಗಿಟ್ಟೆ. ಮೂರನೆಯ ಸಾಲಿನ ಕೊನೆಗೆ, ಕೆಳಗಿಳಿಯಬೇಕಾದ ಸ್ವರ ಮೇಲಕ್ಕೆ ಹತ್ತಿತು. ಆ ಜಾಗದಲ್ಲಿ ಆ ತಪ್ಪು ಮಾಡುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ನಾನು.

ಅವಸರ ಪಡಬೇಡಿ, ಹೇಳುತ್ತೇನೆ. ಈಗ ನನ್ನನ್ನು ನೋಡಿದವರು ನಂಬುವುದಿಲ್ಲ. ವಿಜಯನಗರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ಬಂದವರಿಗೆಲ್ಲ ‘ಮೇಲಿನ ಸಾಲು ಓದಿ ಸಾರ್’ ಎಂದು ದಿನ ತಳ್ಳುವ ಈ ಬೊಕ್ಕತಲೆಯವನು ಇಪ್ಪತ್ತೇಳು ವರ್ಷಗಳ ಹಿಂದೆ ಭುಜದವರೆಗೆ ಕೂದಲು ಬಿಟ್ಟು ರಾಕ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ. ಬ್ಯಾಂಡಿನ ಹೆಸರು ‘ಉರಿಗಣ್ಣು’. ಲೋಕವನ್ನೇ ಸುಟ್ಟುಬಿಡುವ ಹೆಸರು. ತಾಲೀಮು ಮಾತ್ರ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ, ಅಮ್ಮ ಹಾಕಿದ ಷರತ್ತುಗಳ ಒಳಗೆ. ಚಪ್ಪಲಿ ಕೆಳಗೇ ಬಿಡಬೇಕು. ಶನಿವಾರ ಪೂಜೆ ಮುಗಿಯುವವರೆಗೆ ಡ್ರಮ್ ಮುಟ್ಟಬಾರದು. ಬಾಡಿಗೆಯವರ ಮಗುವಿಗೆ ಎಚ್ಚರವಾದರೆ ಬ್ಯಾಂಡಿನವರೇ ಹೋಗಿ ಆಡಿಸಬೇಕು. ಪ್ರಪಂಚದ ವ್ಯವಸ್ಥೆಯ ವಿರುದ್ಧ ನಾವು ಕೂಗಿದ್ದೆಲ್ಲ ಈ ನಿಯಮಗಳಿಗೆ ಒಳಪಟ್ಟು ಕೂಗಿದ್ದು.

ಹಾಡುವವನು ರಾಯಪ್ಪ. ಬಿನ್ನಿಪೇಟೆಯ ಮಿಲ್ಲಿನ ಕ್ವಾರ್ಟರ್ಸಿನ ಹುಡುಗ, ತಲೆಮಾರುಗಳಿಂದ ಕನ್ನಡದಲ್ಲೇ ಪ್ರಾರ್ಥನೆ ಮಾಡಿಕೊಂಡು ಬಂದ ಕ್ಯಾಥೊಲಿಕ್ ಮನೆತನ. ಅವನ ಹೆಸರು ರಾಕ್ ಸಂಗೀತಕ್ಕೆ ಹೊಂದುವುದಿಲ್ಲವೆಂದು ನಾವು ಅವನನ್ನು ‘ರೇ’ ಎಂದು ಕರೆದೆವು. ಅವನ ಅಮ್ಮ ಲೂರ್ದಮ್ಮ ಮಾತ್ರ ಆ ಹೆಸರು ಕೇಳಿದಾಗಲೆಲ್ಲ ಯಾರನ್ನು ಕರೆಯುತ್ತಿದ್ದಾರೆಂದು ಬಾಗಿಲಾಚೆ ನೋಡುತ್ತಿದ್ದರು. ಕೀಬೋರ್ಡಿಗೆ ಲಗ್ಗೆರೆಯ ಮಂಜು. ಡ್ರಮ್ಸಿಗೆ ನಮ್ಮ ಮನೆಯ ಬಾಡಿಗೆಯವರ ತಮ್ಮ. ಅವನಿಗೆ ಬರುತ್ತಿದ್ದುದು ಗಣಪತಿ ಮೆರವಣಿಗೆಯ ತಮಟೆಯ ಗತ್ತು ಒಂದೇ, ಅದನ್ನೇ ಎಲ್ಲ ಹಾಡಿಗೂ ಬಾರಿಸುತ್ತಿದ್ದ.

ಕ್ರಿಸ್‌ಮಸ್ ಹಾಡುಗಳ ಆಲ್ಬಂ ಮಾಡೋಣ ಎಂದವನು ರಾಯಪ್ಪ. ಹೊರದೇಶದ ದೊಡ್ಡ ದೊಡ್ಡ ಬ್ಯಾಂಡುಗಳು ಹೊಸ ಹಾಡು ಹುಟ್ಟದೆ ಬರಿಗೈಯಾದಾಗ ಕ್ರಿಸ್‌ಮಸ್ ಆಲ್ಬಂ ಮಾಡುತ್ತವೆ ಎಂದು ನಾನು ಎಲ್ಲೋ ಓದಿದ್ದೆ. ನಮ್ಮ ಕೈ ಮೊದಲಿನಿಂದಲೂ ಬರಿದಾಗಿದ್ದುದರಿಂದ ಅರ್ಹತೆಯ ಪ್ರಶ್ನೆಯೇ ಬರಲಿಲ್ಲ. ಸಾಹಿತ್ಯ ನನ್ನದು. ನಾನು ಕಂಡಿದ್ದ ಹಿಮ ಅಮ್ಮನ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಕಟ್ಟಿದ್ದು ಮಾತ್ರ. ಆದರೂ ರಾಜಾಜಿನಗರದಲ್ಲಿ ಮೊಣಕಾಲುದ್ದ ಹಿಮ ಬೀಳಿಸಿದೆ. ನಮ್ಮ ಮನೆಗಳಲ್ಲಿ ಹೊಗೆಗೂಡು ಇಲ್ಲದ್ದರಿಂದ ಕ್ರಿಸ್‌ಮಸ್ ತಾತನನ್ನು ತಾರಸಿಯ ನೀರಿನ ಟ್ಯಾಂಕಿನ ಮೂಲಕ ಇಳಿಸಿದೆ. ಆತ ಹೇಗೆ ಬಚ್ಚಲ ನಲ್ಲಿಯಿಂದ ಹೊರಬಂದ ಎಂಬುದಕ್ಕೆ ಒಂದು ಪೂರ್ತಿ ಚರಣವಿತ್ತು.

ಹೀಗೆ ಆರು ಹಾಡಾದವು. ಏಳನೆಯದು ಲೂರ್ದಮ್ಮನವರದು. ಕ್ವಾರ್ಟರ್ಸಿನಲ್ಲಿ ಪ್ರತಿ ವರ್ಷ ಬೀದಿಯ ಮಧ್ಯೆ ಯೇಸು ಹುಟ್ಟಿದ ಕೊಟ್ಟಿಗೆಯಂತೆ ಗೋದಲಿ ಕಟ್ಟುತ್ತಿದ್ದರು. ಹುಲ್ಲು, ಮಣ್ಣಿನ ದನಗಳು, ಬಣ್ಣದ ಕಾಗದದ ನಕ್ಷತ್ರ. ಬಾಲಯೇಸುವಿನ ಬೊಂಬೆಯನ್ನು ಅದರೊಳಗೆ ಮಲಗಿಸುವಾಗ ಲೂರ್ದಮ್ಮ ತಮ್ಮ ಅಜ್ಜಿಯಿಂದ ಬಂದ ಜೋಗುಳ ಹಾಡುತ್ತಿದ್ದರು:

ಹುಲ್ಲು ಚುಚ್ಚೀತು ಕಂದಯ್ಯ,
ಸೆರಗು ಹಾಸೀನಿ ಮಲಗಯ್ಯ,
ದನದ ಉಸಿರು ಬೆಚ್ಚಗದೆ,
ಅಳಬ್ಯಾಡ ನನ್ನಯ್ಯ.

ಅಷ್ಟೇ ಹಾಡು. ‘ಬೆಚ್ಚಗದೆ’ ಎನ್ನುವಲ್ಲಿ ಸ್ವರ ಮೆಲ್ಲಗೆ ಕೆಳಗಿಳಿಯುತ್ತದೆ. ಮಗು ಅಲ್ಲಿಯೇ ನಿದ್ದೆ ಹೋಗುವುದು ಎಂದು ಲೂರ್ದಮ್ಮ ನಮಗೆ ಹೇಳಿಕೊಟ್ಟಿದ್ದರು. ರಾಯಪ್ಪ ಇಡೀ ಆಲ್ಬಮ್ಮನ್ನು ಈ ಒಂದು ಹಾಡಿಗಾಗಿ ಮಾಡಿದ. ಮಿಲ್ಲು ಮುಚ್ಚಿತ್ತು. ತಿಂಗಳ ಕೊನೆಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು. ಆ ಬೀದಿಯವರೆಲ್ಲ ಒಟ್ಟಿಗೆ ಮಾಡುವ ಕೊನೆಯ ಕ್ರಿಸ್‌ಮಸ್ ಅದು. ಗೋದಲಿಯ ಮುಂದೆ ಸ್ಪೀಕರ್ ಕಟ್ಟಿ ಅಮ್ಮನ ಹಾಡನ್ನು ಕ್ಯಾಸೆಟ್ಟಿನಲ್ಲಿ ಹಾಕಬೇಕು, ಎಲ್ಲರೂ ಕೇಳಬೇಕು, ಅವನ ಆಸೆ ಇಷ್ಟೇ.

ರಾಜಾಜಿನಗರದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿದ್ದ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ರೆಕಾರ್ಡಿಂಗ್ ಮುಗಿಸಿದೆವು. ಅಲ್ಲಿ ಮಾಮೂಲಾಗಿ ನಡೆಯುತ್ತಿದ್ದುದು ಭಕ್ತಿಗೀತೆಗಳ ಕೆಲಸ. ರೆಕಾರ್ಡ್ ಮಾಡುವವರು ಯಾರ ದನಿ ಬಂದರೂ ಗುಡಿಯ ಗರ್ಭಗುಡಿಯಿಂದ ಬಂದಂತೆ ಮೊಳಗಿಸುತ್ತಿದ್ದರು. ಜೋಗುಳವನ್ನು ಮೊದಲು ಗಿಟಾರಿನಲ್ಲಿ ಒಂದು ಸುತ್ತು ನುಡಿಸುವುದು ನನ್ನ ಪಾಲಿಗೆ ಬಂತು. ಮೂರನೆಯ ಸಾಲಿನ ಕೊನೆಗೆ ಬೆರಳು ಜಾರಿ, ಇಳಿಯಬೇಕಾದದ್ದು ಹತ್ತಿತು. ರಾಯಪ್ಪ ಇನ್ನೊಂದು ಸಲ ನುಡಿಸೋಣ ಎಂದ. ನಾನು ಅದು ತಪ್ಪಲ್ಲ, ಇಂಪ್ರೊವೈಸೇಷನ್ ಎಂದೆ. ಆ ಪದವನ್ನು ಆ ವಾರವಷ್ಟೇ ಕಲಿತಿದ್ದೆ. ರೆಕಾರ್ಡ್ ಮಾಡುವವರು ಸ್ವಲ್ಪ ಎಕೋ ಹೆಚ್ಚಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ನನ್ನ ಮಾನ ಕಾಪಾಡಿದರು. ಎಕೋದಿಂದಾಗಿ ಆ ತಪ್ಪು ಮೂರು ಮೂರು ಸಲ ಕೇಳಿಸುವಂತಾಯಿತು.

ಡಿಸೆಂಬರ್ ಹದಿನೇಳಕ್ಕೆ ಕ್ಯಾಸೆಟ್ಟುಗಳು ಬಂದವು. ಮುಖಪುಟದ ಮೇಲೆ ಉರಿಯುವ ಕಣ್ಣು, ಕಣ್ಣಿನ ಪಕ್ಕ ಕ್ರಿಸ್‌ಮಸ್ ತಾತ, ಎಲ್ಲದರ ಮೇಲೆ ‘ಶ್ರೀ’. ಮುದ್ರಣದವರು ಮದುವೆ ಕರೆಯೋಲೆಗೆ ಹಾಕುವಂತೆ ರೂಢಿಯಿಂದ ಹಾಕಿದ್ದರು. ಪೆಟ್ಟಿಗೆಗಳನ್ನು ನಮ್ಮ ಮನೆಯಲ್ಲಿ ಇಳಿಸಿದೆವು. ಅಮ್ಮ ಕ್ಯಾಲೆಂಡರ್ ನೋಡಿದರು. ಧನುರ್ಮಾಸ ಹಿಡಿದು ಒಂದು ದಿನ ಆಗಿತ್ತು.

ನಿಮಗೆ ಗೊತ್ತಿರುವುದೇ. ಧನುರ್ಮಾಸದಲ್ಲಿ ಮದುವೆ ಇಲ್ಲ, ಗೃಹಪ್ರವೇಶವಿಲ್ಲ, ಹೊಸ ಕೆಲಸ ಶುರು ಮಾಡುವುದಿಲ್ಲ. ಮುಂಜಾನೆ ಗುಡಿಗೆ ಹೋಗಿ ಬಿಸಿ ಹುಗ್ಗಿ ತಿನ್ನಬಹುದು, ಅಷ್ಟೇ. ಅಮ್ಮ ಗುಡಿಯ ಜೋಯಿಸರನ್ನು ಕೇಳಿ ಬಂದರು. ಆಲ್ಬಂ ಎಂದರೆ ಏನೆಂದು ಜೋಯಿಸರಿಗೆ ತಿಳಿಯಲಿಲ್ಲ, ಆದರೆ ಹುಡುಗರ ಹೊಸ ವ್ಯಾಪಾರ ಎಂದಾಗ ಖಂಡಿತ ಬೇಡ ಎಂದರಂತೆ. ಸಂಕ್ರಾಂತಿ ಕಳೆದ ಮೇಲೆ, ಉತ್ತರಾಯಣದಲ್ಲಿ, ಪ್ರಶಸ್ತವಾಗಿದೆ. ಅಮ್ಮ ಪೆಟ್ಟಿಗೆಗಳಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮನೆಯಲ್ಲಿಟ್ಟು ಬಾಗಿಲು ಎಳೆದರು. ಕ್ರಿಸ್‌ಮಸ್ ಹಾಡುಗಳನ್ನು ಕ್ರಿಸ್‌ಮಸ್ ಮುಗಿಯುವವರೆಗೆ ಹೊರಗೆ ಬಿಡದೆ ಕಾಪಾಡಿದ ಮನೆ ಇಡೀ ಬೆಂಗಳೂರಿನಲ್ಲಿ ನಮ್ಮದೊಂದೇ ಇರಬೇಕು. ವ್ಯವಸ್ಥೆಯನ್ನು ಸುಡಬೇಕಾದ ಉರಿಗಣ್ಣಿನ ಗಿಟಾರ್ ವಾದಕ ಆಗ ಏನು ಹೇಳಿದ ಎಂದರೆ, ‘ಸರಿ ಅಮ್ಮ’ ಎಂದ.

ಇಪ್ಪತ್ನಾಲ್ಕರ ಸಂಜೆ ರಾಯಪ್ಪ ಸೈಕಲ್ಲಿನಲ್ಲಿ ಬಂದ. ಕೈಯಲ್ಲಿ ಲೂರ್ದಮ್ಮ ಕಳಿಸಿದ್ದ, ಕಲ್‌ಕಲ್ ಎಂಬ ಕ್ರಿಸ್‌ಮಸ್ ತಿಂಡಿಯ ಡಬ್ಬ. ಅಮ್ಮ ಡಬ್ಬ ತೆಗೆದುಕೊಂಡರು.

“ಒಂದೇ ಒಂದು ಕ್ಯಾಸೆಟ್ ಕೊಡ್ರಮ್ಮ. ಸ್ಪೀಕರ್ ಕಟ್ಟಾಗಿದೆ, ಅಮ್ಮ ಕಾಯ್ತಾ ಇದ್ದಾಳೆ.”

“ಇಪ್ಪತ್ತು ದಿನ ತಡ್ಕೊಳಪ್ಪ. ನೀವು ಮಾಡಿದ್ದು ಕೈಗೂಡ್ಬೇಕಲ್ಲ, ಅದಕ್ಕೇ ಹೇಳ್ತಿರೋದು.”

ಅಮ್ಮನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿಜವಾಗಿಯೂ ನಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದರು. ರಾಯಪ್ಪ ಅವರ ಹೆಗಲಾಚೆ ನನ್ನನ್ನು ನೋಡಿದ. ನಾನು ಬಾಗಿಲ ಪರದೆ ಹಿಡಿದು ನಿಂತಿದ್ದೆ. ದೇವರ ಮನೆ ನನ್ನಿಂದ ನಾಲ್ಕು ಹೆಜ್ಜೆ. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ಓದಿದೆ. ಆಮೇಲೆ ನೋಡಿದಾಗ ಅವನು ಇರಲಿಲ್ಲ.

ಸಂಕ್ರಾಂತಿಯ ಮರುದಿನ ನಮ್ಮ ತಾರಸಿಯ ಮೇಲೆ ಭರ್ಜರಿ ಬಿಡುಗಡೆ ನಡೆಯಿತು. ಬೀದಿಯ ಆಂಟಿಯರಿಗೆಲ್ಲ ಎಳ್ಳುಬೆಲ್ಲ, ಕಬ್ಬಿನ ತುಂಡು, ಒಂದೊಂದು ಕ್ಯಾಸೆಟ್. ಭಜನೆಯೇನಪ್ಪಾ ಎಂದು ಕೇಳಿದವರಿಗೆ ಅಮ್ಮ ಒಂಥರಾ ಭಜನೆಯೇ ಎಂದರು. ಕ್ಯಾಸೆಟ್ಟಿನ ಹಾಡು ಅಳಿಸದಂತೆ ಮೂಲೆಯ ಪ್ಲಾಸ್ಟಿಕ್ ಚೂರನ್ನು ಮುರಿಯಬೇಕು. ಅದನ್ನು ಮುರಿಯಲು ನಾವು ಮರೆತಿದ್ದೆವು. ಎದುರು ಮನೆಯವರು ನಮ್ಮ ಆಲ್ಬಮ್ಮಿನ ಮೇಲೆ ಮೊಮ್ಮಗಳ ಮಗ್ಗಿಯನ್ನು ರೆಕಾರ್ಡ್ ಮಾಡಿಕೊಂಡರು. ಹದಿನಾರರ ಮಗ್ಗಿ ಮುಗಿದ ಮೇಲೆ ಕ್ರಿಸ್‌ಮಸ್ ತಾತ ನಲ್ಲಿಯಿಂದ ಬರುವುದು ಸ್ವಲ್ಪ ಉಳಿದಿತ್ತು.

ಬಿಡುಗಡೆಗೆ ರಾಯಪ್ಪ ಬರಲಿಲ್ಲ. ಕ್ವಾರ್ಟರ್ಸಿಗೆ ಹೋದರೆ ಬೀದಿ ಖಾಲಿ. ಗೋದಲಿ ಇದ್ದ ಜಾಗದಲ್ಲಿ ಹುಲ್ಲು ಬಿದ್ದಿತ್ತು. ಉರಿಗಣ್ಣು ಅಲ್ಲಿಗೆ ಮುಚ್ಚಿತು. ಅವನು ಕೆಂಗೇರಿ ಕಡೆ ಹೋದನೆಂದು ಮಂಜುವಿನಿಂದ ತಿಳಿಯಿತು. ಹೋಗಿ ಕ್ಷಮೆ ಕೇಳಬೇಕೆಂದು ನನಗೆ ಮೊದಲ ವರ್ಷದಿಂದಲೂ ಇತ್ತು. ಒಳ್ಳೆಯ ದಿನ ನೋಡುತ್ತಿದ್ದೆ. ಇಪ್ಪತ್ತೇಳು ವರ್ಷದಲ್ಲಿ ಒಂದೂ ಸಿಗಲಿಲ್ಲ.

ಇಷ್ಟೆಲ್ಲವೂ ಆ ಬೆಳಿಗ್ಗೆ ಟೆಂಪೋದ ಹಿಂದೆ ಕಿರುಚುತ್ತ ಹೋಯಿತು. ನಾನು ಮಂಜುವಿಗೆ ಫೋನ್ ಮಾಡಿದೆ. ಅವನು ಪೀಣ್ಯದಲ್ಲಿ ರಿವರ್ಸ್ ಹಾರ್ನ್ ಮಾಡುವ ಸಣ್ಣ ಕಾರ್ಖಾನೆಯಲ್ಲಿದ್ದಾನೆ. ಮಾಲೀಕರು ಯಾರ ಹಾರ್ನಿನಲ್ಲೂ ಇಲ್ಲದ ರಾಗ ಬೇಕು ಎಂದರಂತೆ. ನಮ್ಮ ಹಾಡು ಯಾರಲ್ಲಿಯೂ ಇಲ್ಲ ಎಂಬ ಒಂದು ವಿಷಯದಲ್ಲಿ ಅವನಿಗೆ ಪೂರ್ತಿ ಭರವಸೆಯಿತ್ತು. ತನ್ನ ಕ್ಯಾಸೆಟ್ ಹಾಕಿ ಕೇಳಿಕೊಂಡು ನಾಲ್ಕು ಸಾಲನ್ನು ಹಾರ್ನಿನ ಚಿಪ್‌ಗೆ ತುಂಬಿದ.

“ಎಂಟು ವರ್ಷದಿಂದ ಹಾಡ್ತಾ ಇದೆ ಮಗಾ ನಿನ್ ಗಿಟಾರು,” ಎಂದ. “ನಿನಗೆ ಈಗ ಕೇಳಿಸ್ತಾ?”

ತಪ್ಪು ಸ್ವರವನ್ನಾದರೂ ತಿದ್ದಬಾರದಿತ್ತೇ ಎಂದೆ. ಅದು ಇಂಪ್ರೊವೈಸೇಷನ್ ಅಲ್ಲವಾ ಎಂದು ಅವನು ಕೇಳಿದ. ಮಗುವನ್ನು ಮಲಗಿಸಲು ಹುಟ್ಟಿದ ಹಾಡು ಲಗ್ಗೆರೆಯಿಂದ ಕೆಂಗೇರಿಯವರೆಗೆ ಜನರನ್ನು ನಿದ್ದೆಯಿಂದ ಎಬ್ಬಿಸುತ್ತಿದೆ. ಹೆಂಡತಿ ಸುಮಾಗೆ ವಿಷಯ ಹೇಳಿದೆ. ಅಂತೂ ನನ್ನ ಸಂಗೀತಕ್ಕೆ ಒಂದು ಗಾಡಿಯಾದರೂ ಅಲ್ಲಾಡಿತಲ್ಲ, ಹಿಂದಕ್ಕಾದರೂ ಸರಿ ಎಂದಳು. ಆಮೇಲೆ, ಆ ರಾಯಪ್ಪನವರನ್ನು ಹೋಗಿ ನೋಡಬಾರದೇ ಎಂದಳು. ಮಂಜು ವಿಳಾಸ ಕೊಟ್ಟ. ಹೋದರೆ ಡಿಸೆಂಬರ್ ಇಪ್ಪತ್ನಾಲ್ಕಕ್ಕೇ ಹೋಗು ಎಂದು ಹೇಳಿ ಯಾಕೋ ನಕ್ಕ.

ಡಿಸೆಂಬರ್ ಇಪ್ಪತ್ನಾಲ್ಕರ ಮಧ್ಯಾಹ್ನ ದೇವರ ಮನೆಯ ಅಟ್ಟದಿಂದ ಒಂದು ಕ್ಯಾಸೆಟ್ ತೆಗೆದೆ. ಒಡೆಯದ ಪ್ಯಾಕು, ಅದರ ಮೇಲೆ ಕಪ್ಪಾದ ಕುಂಕುಮದ ಚುಕ್ಕೆ. ಅಮ್ಮನಿಗೆ ಈಗ ಎಪ್ಪತ್ತಾರು. ಎಲ್ಲಿಗೆ ಎಂದು ಕೇಳಿದರು. ಹೇಳಿದೆ. ಇನ್ನೂ ಧನುರ್ಮಾಸ ಕಣೋ ಎಂದರು. ಗೊತ್ತು ಅಮ್ಮ, ಆದರೂ ಹೋಗುತ್ತೇನೆ ಎಂದೆ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ವ್ಯವಸ್ಥೆಯ ವಿರುದ್ಧ ಎದ್ದ ಕ್ಷಣ ಅದು. ಅಮ್ಮ ಅಡುಗೆಮನೆಗೆ ಹೋದರು. ಡಬ್ಬಕ್ಕೆ ಹುಗ್ಗಿ ತುಂಬಿಸಿ ತಂದು, ಆ ಹುಡುಗನಿಗೆ ಇದೆಂದರೆ ಇಷ್ಟವಿತ್ತು ಎಂದು ನನ್ನ ಕೈಗೆ ಕೊಟ್ಟರು. ಕಲ್‌ಕಲ್ ಬಂದಿದ್ದ ಡಬ್ಬವೇ ಅದು. ಇಷ್ಟು ವರ್ಷ ಹಿಂದಿರುಗಿಸಿರಲಿಲ್ಲ.

ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಕೆಂಗೇರಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಬಾಗಿಲ ಪಕ್ಕ ಗೋದಲಿ ಕಟ್ಟಿತ್ತು. ಲೂರ್ದಮ್ಮ ಕುರ್ಚಿಯಲ್ಲಿ ಕೂತು ಹುಲ್ಲು ಸರಿ ಮಾಡುತ್ತಿದ್ದರು. ಕಿವಿ ಪೂರ್ತಿ ಮಂದವಾಗಿದೆ. ಮೂರು ಸಲ ಹೆಸರು ಹೇಳಿದ ಮೇಲೆ, ಗಿಟಾರಿನ ಹುಡುಗನಾ ಎಂದರು. ದಾರಿಯುದ್ದಕ್ಕೂ ಮೆಲುದನಿಯಲ್ಲಿ ಹೇಳಬೇಕೆಂದು ಸಿದ್ಧಪಡಿಸಿಕೊಂಡಿದ್ದ ಕ್ಷಮೆಯನ್ನು ನಾನು ಕೂಗಿ ಹೇಳಬೇಕಾಯಿತು. ಆ ದಿನ ಕ್ಯಾಸೆಟ್ ಕೊಡದೆ ತಪ್ಪು ಮಾಡಿದೆ ಎಂದು ಅರಚಿದಾಗ ಪಕ್ಕದ ಮನೆಯಿಂದ ಇಬ್ಬರು ಹೊರಬಂದು ನಿಂತರು. ಲೂರ್ದಮ್ಮ ಕಿವಿಗೆ ಕೈ ಹಿಡಿದು ಕೇಳಿದರು.

“ಕ್ಯಾಸೆಟ್ ಇಲ್ದಿದ್ರೇನಪ್ಪ. ನಾವೇ ಹಾಡಿದ್ವಿ,” ಎಂದರು. “ನಮ್ ರಾಯಪ್ಪನೇ ಹಾಡ್ಲಿಲ್ಲ.”

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಒಂದು ಸ್ಕೂಲ್ ವ್ಯಾನು ಹಿಮ್ಮುಖವಾಗಿ ಒಳಗೆ ಬರತೊಡಗಿತು, ಅದೇ ನಾಲ್ಕು ಸಾಲು ಹಾಡುತ್ತ. ಎಷ್ಟು ಜೋರಾಗಿತ್ತೆಂದರೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನನ್ನ ಅರಚಾಟ ಅರ್ಧ ಮಾತ್ರ ಕೇಳಿಸಿಕೊಂಡಿದ್ದ ಲೂರ್ದಮ್ಮ ಇದನ್ನು ಚೆನ್ನಾಗಿ ಕೇಳಿಸಿಕೊಂಡು, ಮಗ ಬಂದ ಎಂದು ಎದ್ದರು. ದಿನವೂ ಈ ಹಾಡು ಕೇಳಿದ ಮೇಲೆಯೇ ಅವರು ತಟ್ಟೆ ಇಡುವುದಂತೆ. ಮಂಜು ಮಾಡಿದ ಮೊಟ್ಟಮೊದಲ ಹಾರ್ನನ್ನು ತನ್ನ ವ್ಯಾನಿಗೆ ಕೇಳಿ ಹಾಕಿಸಿಕೊಂಡವನು ರಾಯಪ್ಪನೇ ಎಂದು ಆಮೇಲೆ ತಿಳಿಯಿತು.

ಅವನು ಇಳಿದ. ಹೊಟ್ಟೆ ಬಂದಿದೆ, ಕೂದಲು ಮಾತ್ರ ಹಾಗೇ ಇದೆ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

“ಸಂಕ್ರಾಂತಿ ಆಗಿಲ್ವಲ್ಲೋ ಇನ್ನೂ. ಆಗ್ಲೇ ಬಂದ್ಬಿಟ್ಟೆ?”

ಕ್ಯಾಸೆಟ್ ತೆಗೆದು ಕೊಟ್ಟೆ. ಅವನು ಕುಂಕುಮದ ಚುಕ್ಕೆಯ ಮೇಲೆ ಹೆಬ್ಬೆರಳಾಡಿಸಿದ.

“ಆವತ್ತು ನಿಮ್ ಕಾಂಪೌಂಡ್ ಆಚೆ ಅರ್ಧ ಗಂಟೆ ನಿಂತಿದ್ದೆ ಕಣೋ. ನೀನು ಮಹಡಿಯಿಂದ ಒಂದು ಎಸೀತೀಯ ಅಂತ.”

ಇಷ್ಟು ವರ್ಷ ನಾನು ನಾಲ್ಕು ಹೆಜ್ಜೆಯ ಲೆಕ್ಕವನ್ನಷ್ಟೇ ಇಟ್ಟುಕೊಂಡಿದ್ದೆ. ಅವನು ಹೊರಗೆ ನಿಂತು ಮಹಡಿಯ ಕಿಟಕಿ ನೋಡುತ್ತಿದ್ದ ಎನ್ನುವುದು ನನಗೆ ಗೊತ್ತಿರಲಿಲ್ಲ. ಅಳು ಬಂತು. ನಾಚಿಕೆಯಾಯಿತು. ಡಬ್ಬ ಚಾಚಿದೆ. ಅವನು ಮುಚ್ಚಳ ತೆಗೆದು ಮೂಸಿದ, ಅಮ್ಮನವರದ್ದಾ ಎಂದ, ಅಲ್ಲೇ ವ್ಯಾನಿನ ಮೆಟ್ಟಿಲ ಮೇಲೆ ಕೂತು ಕೈಯಲ್ಲೇ ತಿನ್ನತೊಡಗಿದ. ಅರ್ಧ ತಿಂದ ಮೇಲೆ ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿದ.

ವ್ಯಾನಿನಲ್ಲಿ ಅವನು ಕರೆತಂದಿದ್ದವರು ಚರ್ಚಿನ ಗಾಯನ ವೃಂದದವರು, ಹೆಚ್ಚಿನವರು ಆ ಬೀದಿಯ ಹೆಂಗಸರು. ಎಲ್ಲರೂ ಗೋದಲಿಯ ಮುಂದೆ ನಿಂತರು. ಲೂರ್ದಮ್ಮ ಬೊಂಬೆಯನ್ನು ಹುಲ್ಲಿನ ಮೇಲೆ ಮಲಗಿಸಿ ಜೋಗುಳ ತೆಗೆದರು. ಎಲ್ಲರೂ ದನಿಗೂಡಿಸಿದರು, ರಾಯಪ್ಪನೂ ಬಾಯೊರೆಸಿಕೊಂಡು ಸೇರಿದ. ನಾನೂ ಹಾಡಿದೆ. ಈ ಸಲವಾದರೂ ತಪ್ಪು ಮಾಡಬಾರದೆಂದು ಕಣ್ಣು ಮುಚ್ಚಿ, ಬಹಳ ಎಚ್ಚರದಿಂದ ಮೂರನೆಯ ಸಾಲಿಗೆ ಬಂದು, ‘ಬೆಚ್ಚಗದೆ’ ಎಂಬಲ್ಲಿ ಮೆಲ್ಲಗೆ ಕೆಳಗಿಳಿದೆ. ಉಳಿದವರೆಲ್ಲ, ಲೂರ್ದಮ್ಮನೂ ಸೇರಿ, ಒಟ್ಟಾಗಿ ಮೇಲಕ್ಕೆ ಹತ್ತಿದರು. ಹಾಡು ನಿಂತಿತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ಅದು ಕೆಳಗಿಳಿಯಬೇಕಲ್ಲವೇ ಎಂದು ಲೂರ್ದಮ್ಮನವರನ್ನು ಕೂಗಿ ಕೇಳಿದೆ. ಯಾರು ಹೇಳಿದ್ದು, ನಾನು ದಿನಾ ಕೇಳುತ್ತೇನೆ, ಹೀಗೇ ಇರುವುದು ಎಂದರು. ರಾಯಪ್ಪ ನನ್ನ ಹೆಗಲ ಮೇಲೆ ಕೈ ಹಾಕಿದ. ಕೈ ಇನ್ನೂ ಹುಗ್ಗಿಯ ತುಪ್ಪದಿಂದ ಜಿಡ್ಡಾಗಿತ್ತು.

“ಇನ್ನೊಂದ್ಸಲ ಮೊದಲಿಂದ ತಗೊಳ್ಳೋಣ,” ಎಂದ ಎಲ್ಲರಿಗೂ. ಆಮೇಲೆ ನನಗೆ, “ಮಗಾ, ಈಗ್ಲಾದ್ರೂ ಸರಿಯಾಗಿ ಹಾಡೋ.”